ಐದು ತಿಂಗಳು ಕಬ್ಬಿಣದ ಗುಳಿಗೆ ನುಂಗಿದರೂ ಅಪ್ಪನಿಗೆ ರಕ್ತ ಏರುತ್ತಿಲ್ಲ, ಏಕೆ?

ಪ್ರಶ್ನೆ: ನಾವು ಗದಗ-ಬೆಟಗೇರಿಯವರು. ನಮ್ಮ ತಂದೆಗೆ 56 ವರ್ಷ, ಕುಣಿಮಗ್ಗದಲ್ಲಿ ಸೀರೆ ನೇಯುತ್ತಾರೆ. 14 ವರ್ಷದಿಂದ ಶುಗರ್ ಇದೆ, ಜೊತೆಗೆ ಬಿಪಿ. ಎರಡು ವರ್ಷದ ಹಿಂದೆ ಕಿಡ್ನಿ ತೊಂದರೆ ಗೊತ್ತಾಯಿತು. ಈಗ ಕ್ರಿಯಾಟಿನಿನ್ 3.9, ಹಿಮೋಗ್ಲೋಬಿನ್ 8.2. ಡಯಾಲಿಸಿಸ್ ಶುರುವಾಗಿಲ್ಲ. ಐದು ತಿಂಗಳಿಂದ ದಿನಾ ಕಬ್ಬಿಣದ ಗುಳಿಗೆ ನುಂಗುತ್ತಿದ್ದಾರೆ, ಅರ್ಧ ಪಾಯಿಂಟೂ ಏರಿಲ್ಲ. ಅವ್ವ ದಿನಾ ಬೆಳಿಗ್ಗೆ ಬೀಟ್‌ರೂಟ್-ದಾಳಿಂಬೆ ರಸ ಮಾಡಿ ಕೊಡುತ್ತಾಳೆ, ಸಂಜೆ ಖರ್ಜೂರ. ಮೊದಲು ಎಂಟು ತಾಸು ಮಗ್ಗಕ್ಕೆ ಕೂಡುತ್ತಿದ್ದವರು ಈಗ ಅರ್ಧ ತಾಸಿಗೆ ಎದ್ದು ಗೋಡೆಗೆ ಒರಗುತ್ತಾರೆ. ‘ವಯಸ್ಸಾತು, ಮನಸ್ ಮಾಡವಲ್ಲ ಅಂವಾ’ ಅಂತ ಕಾಕಾ ಬೈಯುತ್ತಾರೆ. ಡಾಕ್ಟರು ರಕ್ತ ಏರಿಸುವ ಇಂಜೆಕ್ಷನ್ ಬರೆದುಕೊಟ್ಟಿದ್ದಾರೆ. ‘ಒಮ್ಮೆ ಆ ಇಂಜೆಕ್ಷನ್ ಹಿಡಿದ್ರ ಮುಂದ ಡಯಾಲಿಸಿಸ್ಸೇ’ ಅಂತ ಓಣಿಯವರು ಹೆದರಿಸುತ್ತಾರೆ. ಅದರ ಬದಲು ಎರಡು ಬಾಟ್ಲಿ ರಕ್ತ ಹಾಕಿಸಿದರೆ ಸಾಕೇ? ಮುಂದೆ ಬೇಕಾದರೆ ಕಿಡ್ನಿ ಕೊಡಲು ಅವ್ವ ತಯಾರಿದ್ದಾಳೆ. ಅಪ್ಪ ಮತ್ತೆ ಮಗ್ಗಕ್ಕೆ ಕೂಡಬಹುದೇನ್ರಿ?

ಉತ್ತರ: ತಂಗಿ, ಬೀಟ್‌ರೂಟ್ ರಸ ಮತ್ತು ಖರ್ಜೂರ ಇವತ್ತೇ ನಿಲ್ಲಲಿ. ಉಳಿದ ಮಾತು ಆಮೇಲೆ.

ನಿಮ್ಮ ಉದ್ದ ಪತ್ರದ (ಮೇಲೆ ಇರುವುದು ಅದರ ಸಾರ ಮಾತ್ರ) ಜೊತೆ ನೀವು ಕಳಿಸಿದ ಎರಡು ರಿಪೋರ್ಟುಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಮೂರು ತಿಂಗಳ ಹಿಂದೆ ಪೊಟ್ಯಾಷಿಯಂ 4.7 ಇತ್ತು, ಈಗ 5.6 ಆಗಿದೆ. ನಿಮ್ಮ ಗಮನವೆಲ್ಲ ಹಿಮೋಗ್ಲೋಬಿನ್ ಮೇಲಿದ್ದುದರಿಂದ ಈ ಸಾಲು ಕಣ್ಣಿಗೆ ಬಿದ್ದಿಲ್ಲ ಅನಿಸುತ್ತದೆ. ನಮ್ಮ ನಿಮ್ಮ ಮೈಯಲ್ಲಿ ಹೆಚ್ಚಾದ ಪೊಟ್ಯಾಷಿಯಂ ಮೂತ್ರದಲ್ಲಿ ಹೋಗಿಬಿಡುತ್ತದೆ. ಕ್ರಿಯಾಟಿನಿನ್ ಎಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ. ನಿಮ್ಮ ತಂದೆಯ ವಯಸ್ಸಿಗೆ ಅದು 3.9 ಎಂದರೆ ಕಿಡ್ನಿಯ ಸೋಸುವ ಶಕ್ತಿ ಸುಮಾರು 17ಕ್ಕೆ ಇಳಿದಿದೆ, ಅಂದರೆ ಕಿಡ್ನಿ ಕಾಯಿಲೆಯ ಐದು ಹಂತಗಳಲ್ಲಿ ನಾಲ್ಕನೆಯದು. ಅಲ್ಲಿ ಪೊಟ್ಯಾಷಿಯಂ ನಿಂತುಬಿಡುತ್ತದೆ. ಅದು ಏರುತ್ತಾ ಹೋದರೆ ಕೈಕಾಲು ಸೋಲುತ್ತವೆ, ಹೃದಯದ ಬಡಿತ ತಪ್ಪುತ್ತದೆ, ಅದೂ ಮುನ್ಸೂಚನೆ ಇಲ್ಲದೆ. 100 ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣ 1 ಮಿಲಿಗ್ರಾಂನಷ್ಟೂ ಇಲ್ಲ, ಪೊಟ್ಯಾಷಿಯಂ ಮಾತ್ರ 300 ಮಿಲಿಗ್ರಾಂ ದಾಟುತ್ತದೆ. ಅದರ ಕೆಂಪಿಗೂ ರಕ್ತದ ಕೆಂಪಿಗೂ ಸಂಬಂಧವೇ ಇಲ್ಲ. ಬಿಪಿಗೆ ಒಳ್ಳೆಯದೆಂದು ‘ಲೋ ಸೋಡಿಯಂ’ ಉಪ್ಪು ತಂದಿದ್ದರೆ ಅದನ್ನೂ ಬಿಡಿ, ಅದರಲ್ಲಿ ಸೇರಿಸಿರುವುದು ಪೊಟ್ಯಾಷಿಯಂ ಕ್ಲೋರೈಡ್. ಅವರ ಬಿಪಿ ಗುಳಿಗೆ ಟೆಲ್ಮಿಸಾರ್ಟಾನ್ ಕೂಡ ಪೊಟ್ಯಾಷಿಯಂ ಸ್ವಲ್ಪ ಏರಿಸುತ್ತದೆ, ಆದರೆ ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಎರಡು-ಮೂರು ದಿನದೊಳಗೆ ಪೊಟ್ಯಾಷಿಯಂ ಮತ್ತೊಮ್ಮೆ ಮಾಡಿಸಿ, ರಿಪೋರ್ಟ್ ಹಿಡಿದುಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ.

ಅವ್ವನಿಗೆ ಬೈಯಬೇಡಿ. ನನ್ನ ಹೊರರೋಗಿ ವಿಭಾಗಕ್ಕೆ ಬರುವ ಹತ್ತು ಮನೆಗಳಲ್ಲಿ ಎಂಟು ಮನೆಯವರು ಇದನ್ನೇ ಮಾಡಿರುತ್ತಾರೆ. ಕಾಳಜಿಯಿಂದಲೇ ಮಾಡಿರುತ್ತಾರೆ.

ಇನ್ನು ಕಾಕಾನ ಮಾತು. ಗಂಡಸರಿಗೆ ಹಿಮೋಗ್ಲೋಬಿನ್ 13ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತೇವೆ. 8.2 ಎಂದರೆ ಪ್ರತಿ ಉಸಿರಿನಲ್ಲಿ ಮೈಗೆ ಸಿಗಬೇಕಾದ ಆಮ್ಲಜನಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಖೋತಾ. ಕುಣಿಮಗ್ಗ ಕೂತು ಮಾಡುವ ಕೆಲಸದಂತೆ ಕಾಣುತ್ತದೆ, ಆದರೆ ಎರಡೂ ಕಾಲು ಪೆಡಲ್ ತುಳಿಯುತ್ತಿರುತ್ತವೆ, ಒಂದು ಕೈ ಲಾಳಿ ಎಳೆಯುತ್ತದೆ, ಇನ್ನೊಂದು ಕೈ ಹಲಗೆ ಬಡಿಯುತ್ತದೆ. ಅದನ್ನು ಮೂರನೇ ಒಂದು ಪಾಲು ಕಡಿಮೆ ಗಾಳಿಯಲ್ಲಿ ಮಾಡಿ ಎಂದರೆ ಯಾರಾದರೂ ಅರ್ಧ ತಾಸಿಗೆ ಗೋಡೆಗೆ ಒರಗುತ್ತಾರೆ. ನಿಮ್ಮ ತಂದೆ ಮನಸ್ಸು ಮಾಡುತ್ತಿದ್ದಾರೆ. ಮಾಡುತ್ತಿರುವುದರಿಂದಲೇ ಅರ್ಧ ತಾಸಾದರೂ ಕೂಡುತ್ತಿದ್ದಾರೆ. ಈ ಪ್ಯಾರಾ ಕಾಕಾನಿಗೆ ಓದಿ ಹೇಳಿ.

ಗುಳಿಗೆ ಏಕೆ ಕೆಲಸ ಮಾಡಲಿಲ್ಲ? ಇದನ್ನು ನಿಮ್ಮ ಮನೆಯ ಮಾತಿನಲ್ಲೇ ಹೇಳುತ್ತೇನೆ. ರಕ್ತ ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಮಜ್ಜೆಯೇ ನೇಕಾರ, ಕಬ್ಬಿಣವೇ ನೂಲು. ಆದರೆ ಆರ್ಡರ್ ಬಾರದೆ ನೇಕಾರ ಮಗ್ಗಕ್ಕೆ ಕೂಡುವುದಿಲ್ಲ. ಆ ಆರ್ಡರ್ ಕಳಿಸುವುದು ಕಿಡ್ನಿ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದದ್ದನ್ನು ಕಿಡ್ನಿಯ ಕೆಲವು ಜೀವಕೋಶಗಳು ಗುರುತಿಸಿ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನ್ ಬಿಡುತ್ತವೆ. ಅದು ಮುಟ್ಟಿದಾಗಲೇ ಮಜ್ಜೆ ಚುರುಕಾಗುತ್ತದೆ. ಆಮ್ಲಜನಕದ ಏರಿಳಿತವನ್ನು ಜೀವಕೋಶಗಳು ಹೇಗೆ ಗುರುತಿಸುತ್ತವೆ ಎಂಬುದನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಂತು. ಕಿಡ್ನಿ ಸೊರಗಿದಂತೆ ಈ ಆರ್ಡರ್ ಕಡಿಮೆಯಾಗುತ್ತದೆ.

ಇಷ್ಟೇ ಆಗಿದ್ದರೆ ಲೆಕ್ಕ ಸುಲಭ ಇತ್ತು. ಕಿಡ್ನಿ ಕಾಯಿಲೆಯಲ್ಲಿ ಹೆಪ್ಸಿಡಿನ್ ಎಂಬ ಇನ್ನೊಂದು ವಸ್ತು ರಕ್ತದಲ್ಲಿ ಹೆಚ್ಚಾಗುತ್ತದೆ. ಅದು ನೂಲಿನ ಗೋದಾಮಿಗೆ ಬೀಗ ಹಾಕಿದ ಹಾಗೆ. ಒಳಗಿರುವ ಕಬ್ಬಿಣ ಹೊರಗೆ ಬರುವುದಿಲ್ಲ, ಕರುಳಿನಿಂದ ಹೊಸದು ಒಳಗೆ ಹೋಗುವುದೂ ಇಲ್ಲ. ಅದಕ್ಕೇ ಬಾಯಿಯಿಂದ ನುಂಗಿದ ಕಬ್ಬಿಣದ ಬಹುಪಾಲು ಹೊಟ್ಟೆ ಕೆಡಿಸಿ ಹಾಗೇ ಹೊರಹೋಗುತ್ತದೆ. ಮೇಲಾಗಿ, ತಯಾರಾದ ಕೆಂಪು ಕಣಗಳೂ ಪೂರ್ತಿ ಬಾಳುವುದಿಲ್ಲ. ಸಾಮಾನ್ಯವಾಗಿ 120 ದಿನ ಇರಬೇಕಾದವು ಕಿಡ್ನಿ ಸೋತ ಮೈಯಲ್ಲಿ ಅದಕ್ಕೂ ಮೊದಲೇ ಸವೆದು ಹೋಗುತ್ತವೆ.

ನಿಮ್ಮ ರಿಪೋರ್ಟಿನಲ್ಲಿ ಫೆರಿಟಿನ್ (ಗೋದಾಮಿನಲ್ಲಿರುವ ಕಬ್ಬಿಣದ ಅಳತೆ) 64 ಇದೆ, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಸಾಗುತ್ತಿರುವ ಕಬ್ಬಿಣದ ಅಳತೆ) ಶೇ. 13. ಲ್ಯಾಬಿನವರು ಫೆರಿಟಿನ್ ಎದುರು ‘ನಾರ್ಮಲ್’ ಎಂದು ಛಾಪಿಸಿದ್ದಾರೆ. ಕಿಡ್ನಿ ಕಾಯಿಲೆ ಇಲ್ಲದವರಿಗೆ ಅದು ನಾರ್ಮಲ್ಲೇ. ನಿಮ್ಮ ತಂದೆಯಂಥವರಲ್ಲಿ ಫೆರಿಟಿನ್ 100ಕ್ಕಿಂತ ಕಡಿಮೆ, ಸ್ಯಾಚುರೇಶನ್ 20ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಕೊರತೆ ಖಂಡಿತ ಇದೆ ಎಂದು ಹಿಡಿಯುತ್ತೇವೆ. ಐದು ತಿಂಗಳು ನುಂಗಿಯೂ ಗೋದಾಮು ಖಾಲಿ. ನೀವು ಬರೆದಂತೆ ಅವರು ಬೆಳಿಗ್ಗೆ ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುತ್ತಾರೆ, ಊಟವಾದ ಮೇಲೆ ಕಬ್ಬಿಣದ ಗುಳಿಗೆ ಮತ್ತು ಕ್ಯಾಲ್ಸಿಯಂ ಗುಳಿಗೆ ಒಟ್ಟಿಗೆ, ಅದರ ಮೇಲೊಂದು ಕಪ್ ಚಹಾ. ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಗುಳಿಗೆ, ಕ್ಯಾಲ್ಸಿಯಂ, ಚಹಾ ಈ ಮೂರೂ ಕಬ್ಬಿಣಕ್ಕೆ ಅಡ್ಡಗಾಲು. ಇದನ್ನು ಯಾರೂ ನಿಮಗೆ ಹೇಳಿಲ್ಲದಿದ್ದರೆ ಅದು ನಮ್ಮ ವೈದ್ಯರ ಕೊರತೆ, ನಿಮ್ಮದಲ್ಲ.

ಇಲ್ಲಿ ಒಂದು ಪ್ರಶ್ನೆಯನ್ನು ಕಡ್ಡಾಯವಾಗಿ ಕೇಳಬೇಕು: ರಕ್ತ ಎಲ್ಲಾದರೂ ಸೋರುತ್ತಿದೆಯೇ? ಹಲವು ವರ್ಷದ ಹಿಂದೆ ಹಾವೇರಿ ಕಡೆಯ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಬರುತ್ತಿದ್ದಳು. ಹಿಮೋಗ್ಲೋಬಿನ್ ಏರಲಿಲ್ಲ, ಇಂಜೆಕ್ಷನ್ ಡೋಸ್ ಏರಿಸಿದೆ. ಆಗಲೂ ಏರಲಿಲ್ಲ, ಮತ್ತೆ ಏರಿಸಿದೆ. ನಾಲ್ಕನೇ ತಿಂಗಳು ನಮ್ಮ ಸಿಸ್ಟರ್ ಒಬ್ಬರು ಆಕೆಯನ್ನು ಪಕ್ಕಕ್ಕೆ ಕರೆದು ಮಾತಾಡಿಸಿದಾಗ ಗೊತ್ತಾಯಿತು, ಮೂಲವ್ಯಾಧಿಯಿಂದ ವರ್ಷದಿಂದ ರಕ್ತ ಹೋಗುತ್ತಿತ್ತು. ಗಂಡಸು ಡಾಕ್ಟರ ಮುಂದೆ ಹೇಳಲು ಆಕೆಗೆ ನಾಚಿಕೆ. ನಾನು ಮೊದಲ ದಿನವೇ ನೇರವಾಗಿ ಕೇಳಬೇಕಿತ್ತು. ಅವತ್ತಿನಿಂದ ಯಾರನ್ನೂ ಕೇಳದೆ ಬಿಟ್ಟಿಲ್ಲ.

ನಿಮ್ಮ ತಂದೆ ಆಸ್ಪಿರಿನ್ ತೆಗೆದುಕೊಳ್ಳುತ್ತಾರೆ, ಅದು ಹೊಟ್ಟೆಯೊಳಗೆ ಸಣ್ಣಗೆ ರಕ್ತ ಸೋರಿಸಬಹುದು. ಕಬ್ಬಿಣದ ಗುಳಿಗೆಯಿಂದ ಮಲ ಕಪ್ಪಾಗುವುದು ಸಹಜ. ಆದರೆ ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಬಂದರೆ ಅದು ಒಳಗಿನ ರಕ್ತ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೊಲದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳುವಿನಿಂದಲೂ ರಕ್ತ ಹೋಗುತ್ತದೆ. ಮಲಪರೀಕ್ಷೆ ದೊಡ್ಡ ಖರ್ಚಿನದಲ್ಲ, ಮಾಡಿಸಿ. ಹಾಗೆಯೇ ಬಿ12. ನೀವು ಶಾಕಾಹಾರಿಗಳು, ಜೊತೆಗೆ ಅವರು ಕಳೆದ ವರ್ಷದವರೆಗೂ ಹತ್ತು ವರ್ಷ ಶುಗರಿನ ಗುಳಿಗೆ ಮೆಟ್‌ಫಾರ್ಮಿನ್ ನುಂಗಿದ್ದಾರೆ. ಎರಡೂ ಬಿ12 ಇಳಿಸುತ್ತವೆ. ಮೆಟ್‌ಫಾರ್ಮಿನ್ ನಿಲ್ಲಿಸಿದ್ದು ಸರಿ, ಸೋಸುವ ಶಕ್ತಿ 30ರ ಕೆಳಗಿಳಿದ ಮೇಲೆ ಅದು ಬೇಡ.

ಈಗ ಇಂಜೆಕ್ಷನ್ ವಿಷಯ. ಓಣಿಯಲ್ಲಿ ‘ಆ ಇಂಜೆಕ್ಷನ್’ ಎಂದು ಒಂದೇ ಹೆಸರಲ್ಲಿ ಕರೆಯುವುದು ಎರಡು ಬೇರೆ ಬೇರೆ ಔಷಧಗಳನ್ನು. ಒಂದು ರಕ್ತನಾಳದಲ್ಲಿ ಕೊಡುವ ಕಬ್ಬಿಣ, ಇನ್ನೊಂದು ಚರ್ಮದ ಕೆಳಗೆ ಚುಚ್ಚುವ ಎರಿಥ್ರೊಪೊಯೆಟಿನ್. ನಿಮಗೆ ಬರೆದುಕೊಟ್ಟದ್ದು ಎರಡನೆಯದು. ಅದು ತಪ್ಪಲ್ಲ, ಆದರೆ ಗೋದಾಮು ಖಾಲಿ ಇರುವಾಗ ಆರ್ಡರ್ ಮೇಲೆ ಆರ್ಡರ್ ಕಳಿಸಿ ಉಪಯೋಗವಿಲ್ಲ. ನನ್ನ ಅಭಿಪ್ರಾಯದಲ್ಲಿ ಮೊದಲು ರಕ್ತನಾಳದ ಮೂಲಕ ಕಬ್ಬಿಣ ತುಂಬಿಸಬೇಕು. ‘ಸರ್, ಸ್ಯಾಚುರೇಶನ್ 13 ಐತಿ, ಮೊದ್ಲ ಕಬ್ಬಿಣ ಹಾಕೂದು ಆಗ್ತೈತೇನ್ರಿ?’ ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ಯಾವ ಒಳ್ಳೆಯ ಡಾಕ್ಟರೂ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ರಕ್ತನಾಳದ ಕಬ್ಬಿಣದಲ್ಲಿ ಐರನ್ ಸುಕ್ರೋಸ್ ಎಂಬುದನ್ನು ಹಲವು ಸಲ ಸ್ವಲ್ಪ ಸ್ವಲ್ಪ ಕೊಡಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಒಂದೆರಡು ಸಲಕ್ಕೆ ಮುಗಿಯುತ್ತದೆ, ಆದರೆ ಬೆಲೆ ಹೆಚ್ಚು. ಬೆಟಗೇರಿಯಿಂದ ಹುಬ್ಬಳ್ಳಿಗೆ ಪ್ರತಿ ಸಲ ಬಸ್ ಖರ್ಚು, ಜೊತೆಗೆ ಬರುವವರ ಒಂದು ದಿನದ ದುಡಿಮೆ ಲೆಕ್ಕ ಹಾಕಿದರೆ ಎರಡನೆಯದೇ ಕೆಲವೊಮ್ಮೆ ಅಗ್ಗ. ಅಪಾಯ ಇಲ್ಲವೇ ಇಲ್ಲ ಎನ್ನಲಾರೆ. ಅಪರೂಪಕ್ಕೆ ಅಲರ್ಜಿ ಆಗುತ್ತದೆ, ಬಿಪಿ ಕುಸಿಯುತ್ತದೆ. ಅದಕ್ಕೇ ಮನೆಯಲ್ಲಿ ಕಾಂಪೌಂಡರ್ ಕೈಲಿ ಹಾಕಿಸಿಕೊಳ್ಳಬಾರದು. ಆಸ್ಪತ್ರೆಯಲ್ಲಿ ಹಾಕಿಸಿ, ಮುಗಿದ ಮೇಲೆ ಅರ್ಧ ತಾಸು ಅಲ್ಲೇ ಕೂಡಿಸಿ. ಜ್ವರ, ಸೋಂಕು ಇರುವಾಗ ಬೇಡ.

ಇನ್ನೊಂದು ಮಾತು, ಇದನ್ನು ಬಹಳ ಜನ ಹೇಳುವುದಿಲ್ಲ. ಸೂಜಿ ಹಾಕುವಾಗ ಅಂಗೈ ಹಿಂಭಾಗದಲ್ಲಿ ಹಾಕಲು ಹೇಳಿ, ಮುಂಗೈಯ ರಕ್ತನಾಳಗಳನ್ನು ಕಾಯ್ದುಕೊಳ್ಳಿ. ಮುಂದೆ ಎಂದಾದರೂ ಡಯಾಲಿಸಿಸ್ ಬೇಕಾದರೆ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಹಾಕಲೆಂದು ರಕ್ತನಾಳಗಳನ್ನು ಜೋಡಿಸುವ ಶಸ್ತ್ರಚಿಕಿತ್ಸೆ, ಮಾಡುವುದು ಅಲ್ಲಿಯೇ. ಮುಂಗೈಯನ್ನು ಚುಚ್ಚಿ ಚುಚ್ಚಿ ಹಾಳು ಮಾಡಿಕೊಂಡು ಬಂದವರಿಗೆ ಫಿಸ್ಟುಲಾ ಮಾಡಲು ನಾವು ಪಡುವ ಪಾಡು ಹೇಳತೀರದು.

ಕಬ್ಬಿಣ ತುಂಬಿದ ಮೇಲೂ ಹಿಮೋಗ್ಲೋಬಿನ್ 10ರ ಕೆಳಗೇ ಉಳಿದರೆ ಎರಿಥ್ರೊಪೊಯೆಟಿನ್ ಶುರು ಮಾಡುವುದು. ಇದರಿಂದ ಡಯಾಲಿಸಿಸ್ ಬರುತ್ತದೆಯೇ? ಇಲ್ಲ. ಈ ಇಂಜೆಕ್ಷನ್ ಬೇಕಾಗುವುದೇ ಕಿಡ್ನಿ ಬಹಳ ಸೋತ ಮೇಲೆ. ಅಂಥವರಲ್ಲಿ ಕೆಲವರಿಗೆ ಮುಂದೆ ಕಾಯಿಲೆ ಬಲಿತು ಡಯಾಲಿಸಿಸ್ ಬೇಕಾಗುತ್ತದೆ, ಇಂಜೆಕ್ಷನ್ ತೆಗೆದುಕೊಂಡರೂ, ಬಿಟ್ಟರೂ. ಎಮ್ಮೆ ಮೇವು ಮುಗಿಸಿ ಮನೆಗೆ ಬಂದಾಗಲೇ ಕತ್ತಲಾಗುತ್ತದೆ, ಎಮ್ಮೆ ಕತ್ತಲನ್ನು ಹೊತ್ತು ತಂದಿತು ಎನ್ನಲಾದೀತೇ? ಇಂಜೆಕ್ಷನ್ ಚಟವಾಗಿ ಹಿಡಿಯುತ್ತದೆ ಎಂಬ ಭಯವೂ ಅಷ್ಟೇ ಹುಸಿ. ಕಿಡ್ನಿ ಮಾಡಲಾಗದ ಹಾರ್ಮೋನನ್ನು ಹೊರಗಿನಿಂದ ಕೊಡುತ್ತೇವೆ, ಶುಗರಿಗೆ ಇನ್ಸುಲಿನ್ ಕೊಟ್ಟಂತೆ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1989ರಲ್ಲಿ. ಅದಕ್ಕೂ ಮೊದಲು ಇಂಥ ರೋಗಿಗಳಿಗೆ ಬಾಟ್ಲಿ ಮೇಲೆ ಬಾಟ್ಲಿ ರಕ್ತ ಹಾಕುವುದೇ ಮುಖ್ಯ ದಾರಿಯಾಗಿತ್ತು.

ಇದರ ನಿಜವಾದ ಅಪಾಯ ಬೇರೆ ಇದೆ. ಬಿಪಿ ಏರುತ್ತದೆ. ನಿಮ್ಮ ತಂದೆಯ ಬಿಪಿ ಈಗಲೇ 160/96 ಇದೆ, ಅದನ್ನು ಹತೋಟಿಗೆ ತರದೆ ಮೊದಲ ಚುಚ್ಚುಮದ್ದು ಹಾಕಿಸಬೇಡಿ. ರಕ್ತ ಹೆಪ್ಪುಗಟ್ಟುವ, ಪಾರ್ಶ್ವವಾಯು ಹೊಡೆಯುವ ಸಾಧ್ಯತೆಯೂ ಹೆಚ್ಚುತ್ತದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶುಗರ್ ಮತ್ತು ಕಿಡ್ನಿ ಕಾಯಿಲೆ ಎರಡೂ ಇದ್ದ 4,000ಕ್ಕೂ ಹೆಚ್ಚು ಜನರಿದ್ದರು. ಈ ಬಗೆಯ ಔಷಧದಿಂದ ಹಿಮೋಗ್ಲೋಬಿನ್ನನ್ನು 13ಕ್ಕೆ ಏರಿಸಲು ಹೋದ ಗುಂಪಿನಲ್ಲಿ ಪಾರ್ಶ್ವವಾಯು ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಅದಕ್ಕೇ ನಾವು 10ರಿಂದ 11.5ರ ಒಳಗೆ ನಿಲ್ಲಿಸುತ್ತೇವೆ. ‘ಎಲ್ಲರಿಗೂ 14 ಇರುತ್ತದೆ, ಅಪ್ಪನಿಗೆ ಮಾತ್ರ 11 ಸಾಕೇ’ ಎಂದು ನೀವು ಕೇಳುವ ದಿನ ಬರುತ್ತದೆ. ಸಾಕು. ಆ ದಿನ ಡೋಸ್ ಹೆಚ್ಚಿಸಿ ಎಂದು ಒತ್ತಾಯ ಮಾಡಬೇಡಿ. ಮೊದಲು ಪಾರ್ಶ್ವವಾಯು ಅಥವಾ ಕ್ಯಾನ್ಸರ್ ಆಗಿದ್ದರೆ ಡಾಕ್ಟರಿಗೆ ಮರೆಯದೆ ಹೇಳಬೇಕು.

ಔಷಧವನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು. ಏಪ್ರಿಲ್ ಬಿಸಿಲಲ್ಲಿ ಹುಬ್ಬಳ್ಳಿಯಲ್ಲಿ ಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಸ್ಸಿನ ಕಿಟಕಿ ಪಕ್ಕ ಒಂದೂವರೆ ತಾಸು ಇಟ್ಟುಕೊಂಡು ಬಂದರೆ ಅದು ಕೆಡಬಹುದು. ಥರ್ಮಾಸ್ ಅಥವಾ ಐಸ್ ಪ್ಯಾಕ್ ಇಟ್ಟ ಡಬ್ಬಿ ಒಯ್ಯಿರಿ. ಸಿರಿಂಜು ನೇರ ಐಸಿಗೆ ತಾಗದಿರಲಿ, ಮನೆಗೆ ಬಂದ ಮೇಲೆ ಫ್ರೀಜರಿನಲ್ಲಿ ಇಡಬೇಡಿ, ಅಲುಗಾಡಿಸಬೇಡಿ. ಫ್ರಿಜ್ ಇಲ್ಲದಿದ್ದರೆ ಮುಜುಗರ ಪಡದೆ ಹೇಳಿ, ಹತ್ತಿರದ ಆಸ್ಪತ್ರೆಯಲ್ಲೇ ಇರಿಸಿ ಹಾಕಿಸುವ ವ್ಯವಸ್ಥೆ ಮಾಡಬಹುದು. ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಸಾಕಾಗುವ ಡಾರ್ಬೆಪೊಯೆಟಿನ್ ಕೂಡ ಇದೆ.

ಚುಚ್ಚಿಸಿಕೊಳ್ಳದೆ ನುಂಗುವ ಗುಳಿಗೆಯೂ ಬಂದಿದೆ, ಡೆಸಿಡುಸ್ಟಾಟ್. ಭಾರತದಲ್ಲಿ 2022ರಲ್ಲಿ ಒಪ್ಪಿಗೆ ಪಡೆದದ್ದು. ನಮ್ಮ ಮೈ ತಾನೇ ಎರಿಥ್ರೊಪೊಯೆಟಿನ್ ತಯಾರಿಸುವಂತೆ ಅದು ಪ್ರಚೋದಿಸುತ್ತದೆ. ನಾನೂ ಕೆಲವರಿಗೆ ಬರೆಯುತ್ತೇನೆ, ಫ್ರಿಜ್ ಬೇಡ ಎಂಬುದೇ ಹಳ್ಳಿಯವರಿಗೆ ದೊಡ್ಡ ಅನುಕೂಲ. ಆದರೆ ಇಂಜೆಕ್ಷನ್ನಿಗೆ ಮೂವತ್ತು ವರ್ಷಕ್ಕೂ ಮೀರಿದ ಅನುಭವ ಇದೆ, ಇದು ಇನ್ನೂ ಹೊಸದು. ಹೆಪ್ಪುಗಟ್ಟುವ ಭಯ ಇಲ್ಲಿಯೂ ತಪ್ಪಿದ್ದಲ್ಲ.

ಎರಡು ಬಾಟ್ಲಿ ರಕ್ತದ ವಿಷಯಕ್ಕೆ ಬಂದರೆ, ನಿಮ್ಮ ಮನೆಗೆ ಅದು ಬೇಡವೆಂದು ನಾನು ಒತ್ತಿ ಹೇಳುತ್ತೇನೆ. ಕಾರಣ ನಿಮ್ಮ ಅವ್ವ. ಬೇರೆಯವರ ರಕ್ತ ಮೈಗೆ ಸೇರಿದಾಗ, ಗುಂಪು ಹೊಂದಿದ್ದರೂ, ಅದರಲ್ಲಿರುವ ಪರಕೀಯ ಗುರುತುಗಳ ವಿರುದ್ಧ ನಮ್ಮ ದೇಹ ಪ್ರತಿಕಾಯ ಬೆಳೆಸಿಕೊಳ್ಳಬಹುದು. ನಾಳೆ ಅವ್ವನ ಕಿಡ್ನಿ ಜೋಡಿಸುವ ಸಮಯಕ್ಕೆ ಅದೇ ಪ್ರತಿಕಾಯಗಳು ಅಡ್ಡ ನಿಂತು, ಇದ್ದೊಬ್ಬ ದಾನಿಯೂ ಹೊಂದದೆ ಹೋಗಬಹುದು. ಒಂದು ಬಾಟ್ಲಿಯಿಂದ ಏರುವುದು ಸುಮಾರು 1 ಪಾಯಿಂಟ್, ಮೂಲ ಕಾರಣ ಹಾಗೇ ಉಳಿದಿರುವುದರಿಂದ ಕೆಲವು ವಾರದಲ್ಲಿ ಅದೂ ಇಳಿಯುತ್ತದೆ. ನೀರಿನಂಶ ಹೆಚ್ಚಾಗಿ ದಮ್ಮು ಕಟ್ಟಬಹುದು, ಪೊಟ್ಯಾಷಿಯಂ ಇನ್ನೂ ಏರಬಹುದು. ಹಾಗೆಂದು ರಕ್ತ ಎಂದೂ ಬೇಡವೆಂದಲ್ಲ. ಎದೆನೋವು ಬಂದರೆ, ಒಳಗೆ ರಕ್ತ ಸುರಿಯುತ್ತಿದ್ದರೆ, ಹಿಮೋಗ್ಲೋಬಿನ್ 7ರ ಕೆಳಗೆ ಜಾರಿ ಉಸಿರಾಡಲೂ ಕಷ್ಟವಾದರೆ ಹಾಕಿಸಲೇಬೇಕು. ಆಗ ‘ಮುಂದೆ ಕಿಡ್ನಿ ಕಸಿ ಮಾಡಿಸುವ ಯೋಚನೆ ಇದೆ’ ಎಂದು ಮೊದಲೇ ತಿಳಿಸಿ.

ಎಲ್ಲ ಸುಸ್ತೂ ರಕ್ತಹೀನತೆಯದಲ್ಲ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬೆವರಿ ಕೈ ನಡುಗುತ್ತದೆ ಎಂದು ನೀವು ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಆ ಸಾಲು ನನಗೆ ಹಿಮೋಗ್ಲೋಬಿನ್ನಿನಷ್ಟೇ ಮುಖ್ಯವಾಗಿ ಕಂಡಿತು. ಇನ್ಸುಲಿನ್ನನ್ನು ಮೈಯಿಂದ ಹೊರಹಾಕುವುದರಲ್ಲಿ ಕಿಡ್ನಿಯ ಪಾಲೂ ಇದೆ. ಕಿಡ್ನಿ ಸೋತಾಗ ಹಳೆಯ ಡೋಸೇ ಹೆಚ್ಚಾಗಿ, ಶುಗರ್ ಕೆಳಗಿಳಿಯುತ್ತದೆ. ಆ ಹೊತ್ತಿಗೆ ಗ್ಲೂಕೋಮೀಟರಿನಲ್ಲಿ ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ ಬಂದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಡಿ, ಹಣ್ಣಿನ ರಸ ಬೇಡ. ಅಂದೇ ಡಾಕ್ಟರಿಗೆ ಫೋನ್ ಮಾಡಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ, ರಕ್ತಹೀನತೆಯಲ್ಲಿ ಅದು ದಾರಿ ತಪ್ಪಿಸುತ್ತದೆ. ಥೈರಾಯ್ಡ್, ರಕ್ತದ ಬೈಕಾರ್ಬೊನೇಟ್ ಒಮ್ಮೆ ನೋಡಿಸಿ. ರಾತ್ರಿ ಕಾಲು ಜುಮುಜುಮು ಎಂದು ನಿದ್ದೆ ಬರುವುದಿಲ್ಲ ಎಂದಿದ್ದೀರಿ. ಕಬ್ಬಿಣದ ಕೊರತೆಯಿಂದಲೂ ಹೀಗಾಗುತ್ತದೆ, ಕಬ್ಬಿಣ ತುಂಬಿದ ಮೇಲೆ ಕಡಿಮೆಯಾಗಬಹುದು.

ಊಟದಲ್ಲಿ ಹೆದರಿ ಎಲ್ಲ ಬಿಡಿಸಬೇಡಿ. ಬೇಳೆ ಪೂರ್ತಿ ನಿಲ್ಲಿಸಿ ಬರೀ ಗಂಜಿ ಕೊಟ್ಟು ಸ್ನಾಯು ಕರಗಿಸಿದವರನ್ನು ಬಹಳ ನೋಡಿದ್ದೇನೆ. 58 ಕೆಜಿ ತೂಕದವರಿಗೆ ದಿನಕ್ಕೆ ಸುಮಾರು 45 ಗ್ರಾಂ ಪ್ರೋಟೀನ್ ಬೇಕೇ ಬೇಕು. ಜೋಳದ ರೊಟ್ಟಿ ಇರಲಿ, ಪಲ್ಯದ ತರಕಾರಿ ಹೆಚ್ಚಿ ಕುದಿಸಿ, ನೀರು ಬಸಿದು ಒಗ್ಗರಣೆ ಹಾಕಿ. ಶೇಂಗಾ ಹಿಂಡಿ ಚಮಚದ ಲೆಕ್ಕದಲ್ಲಿ ಸಾಕು. ಎಳನೀರು, ಬಾಳೆಹಣ್ಣು ಸದ್ಯ ಬೇಡ. ‘ಕಿಡ್ನಿ ಪುಡಿ’, ಭಸ್ಮ ಯಾರೇ ಕೊಟ್ಟರೂ ಬೇಡ. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತರುವುದೂ ಬೇಡ.

ಖರ್ಚಿನ ಮಾತು: ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಿಕೊಳ್ಳಿ. ಗದಗದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್ ಸರ್ಕಾರಿ ಆಸ್ಪತ್ರೆ), ಎಲ್ಲಿಗೆ ಹೋದರೂ ಯಾವ ಔಷಧ ಉಚಿತ ಎಂದು ಮೊದಲು ವಿಚಾರಿಸಿ. ಗುಳಿಗೆಗಳನ್ನು ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಿ.

ಕೊನೆಯ ಪ್ರಶ್ನೆ, ಮಗ್ಗದ್ದು. ಕಬ್ಬಿಣ ಹಾಕಿಸಿದ ಮರುದಿನ ಏನೂ ಅನಿಸುವುದಿಲ್ಲ. ಹೊಸ ರಕ್ತ ಹುಟ್ಟಲು ವಾರಗಳು ಬೇಕು, ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ ಮತ್ತೆ ನೋಡುತ್ತೇವೆ. 10 ದಾಟಿದ ಮೇಲೆ ಬಹುತೇಕರಿಗೆ ಮೆಟ್ಟಿಲು ಹತ್ತುವಾಗಿನ ಏದುಸಿರು ಮೊದಲು ಕಡಿಮೆಯಾಗುತ್ತದೆ, ಆಮೇಲೆ ಕೆಲಸದ ಶಕ್ತಿ ಬರುತ್ತದೆ. ಕಿಡ್ನಿಯ ಸುಸ್ತು ಸ್ವಲ್ಪ ಉಳಿದೇ ಉಳಿಯುತ್ತದೆ, ಎಂಟು ತಾಸಿನ ದಿನ ಮರಳಿ ಬರುತ್ತದೆಂದು ಮಾತು ಕೊಡಲಾರೆ. ಅಲ್ಲಿಯವರೆಗೆ ಮಗ್ಗದಿಂದ ಪೂರ್ತಿ ಎಬ್ಬಿಸಬೇಡಿ, ಮಲಗಿದಷ್ಟೂ ಕಾಲು ಸೋಲುತ್ತವೆ, ಮನಸ್ಸೂ ಸೋಲುತ್ತದೆ. ಕೆಲವು ದಿನ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಲಿ. ಬಿಪಿ, ಪೊಟ್ಯಾಷಿಯಂ ಹತೋಟಿಗೆ ಬಂದ ಮೇಲೆ ಬೆಳಗಿನ ತಂಪಿನಲ್ಲಿ ಇಪ್ಪತ್ತು ನಿಮಿಷ ಮಗ್ಗ, ಹತ್ತು ನಿಮಿಷ ವಿಶ್ರಾಂತಿ, ಮತ್ತೆ ಇಪ್ಪತ್ತು ನಿಮಿಷ. ಕುಣಿಯಿಂದ ಏಳುವಾಗ ಒಮ್ಮೆಲೇ ಎದ್ದರೆ ತಲೆ ತಿರುಗುತ್ತದೆ, ಅಂಚಿನ ಮೇಲೆ ಒಂದು ನಿಮಿಷ ಕೂತು ಏಳಲಿ. ಎದೆಯಲ್ಲಿ ಬಿಗಿತ ಬಂದರೆ, ಮಲಗಿದಾಗ ಉಸಿರು ಕಟ್ಟಿದರೆ, ಕಾಲು ಇದ್ದಕ್ಕಿದ್ದಂತೆ ಎತ್ತಲಾಗದಷ್ಟು ಸೋತರೆ ಮಗ್ಗ ಬಿಟ್ಟು ಆ ಹೊತ್ತಿನಲ್ಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಪೊಟ್ಯಾಷಿಯಂ ರಿಪೋರ್ಟ್ ಬಂದ ಕೂಡಲೇ ನನಗೂ ಒಂದು ಪ್ರತಿ ಕಳಿಸಿ.